ಮಾಜಿ ಸೈನಿಕ ಅಪ್ಪನಿಗೆ ಮನೆಯಲ್ಲೇ ನಿಗಾ ಇಡುವ ಮಷಿನ್ ಹಾಕಿಸಬಹುದಾ?

ಪ್ರಶ್ನೆ: ಅಪ್ಪ ಸೇನೆಯಿಂದ ನಿವೃತ್ತರು. ಜಗಳೂರು ಹತ್ತಿರದ ಊರಲ್ಲಿ ಅಮ್ಮನ ಜೊತೆ ಇದ್ದಾರೆ. ಹಾರ್ಟ್ ವೀಕ್ ಇದೆ, ಬಿಪಿನೂ ಇದೆ. ಪ್ರತಿ ಚೆಕಪ್‌ಗೂ ದಾವಣಗೆರೆಗೆ ಬರಬೇಕು. ಬಿಪಿ, ತೂಕ, ಆಕ್ಸಿಜನ್ ಎಲ್ಲವನ್ನೂ ಮನೆಯಿಂದಲೇ ಡಾಕ್ಟರಿಗೆ ಕಳಿಸುವ ಸೆಟ್ ಸಿಗುತ್ತದಂತೆ. ನಾನಿರುವುದು ಬೆಂಗಳೂರಲ್ಲಿ. ತಗೊಳ್ಳಬಹುದಾ?

ಉತ್ತರ: ತಗೊಳ್ಳಬಹುದು. ಆದರೆ ಬೆಲೆ ಕೇಳುವ ಮುಂಚೆ ಇನ್ನೊಂದು ಮಾತು ಕೇಳಿ: ಅಪ್ಪನ ನಂಬರ್ ಹೋಗಿ ಸೇರಿದ ಮೇಲೆ ಅದನ್ನು ನೋಡುವವರು ಯಾರು? ಭಾನುವಾರ ರಾತ್ರಿ ಯಾರು ನೋಡುತ್ತಾರೆ? "ಆಪ್‌ನಲ್ಲಿ ಅಲರ್ಟ್ ಬರುತ್ತೆ ಸಾರ್" ಅಂದರೆ ಸಾಲದು. ಅಲರ್ಟ್ ಬಂದಾಗ ಫೋನ್ ಮಾಡಿ ಮಾತ್ರೆ ಬದಲಿಸುವ ಮನುಷ್ಯ ಬೇಕು.

ಮಾಜಿ ಸೈನಿಕರಿಗಾಗಿ ಇದನ್ನು ದೊಡ್ಡ ಮಟ್ಟದಲ್ಲಿ ಮಾಡಿದ್ದು ಅಮೆರಿಕ. ಅಲ್ಲಿನ ವೆಟರನ್ಸ್ ಆರೋಗ್ಯ ಇಲಾಖೆ 2003ರಿಂದ ಮನೆಮನೆಗೆ ಉಪಕರಣ ಕೊಟ್ಟಿತು. 2008ರಲ್ಲಿ ಬಂದ ವರದಿಯಲ್ಲಿ 17,025 ಜನರ ಲೆಕ್ಕವಿತ್ತು. ಆಸ್ಪತ್ರೆಯಲ್ಲಿ ಮಲಗಿದ ದಿನಗಳು ಶೇ. 25 ಕಡಿಮೆ, ದಾಖಲಾತಿ ಶೇ. 19 ಕಡಿಮೆ. ಮಾರುವವರು ಇಂಥ ಅಂಕಿಗಳನ್ನೇ ತೋರಿಸುತ್ತಾರೆ. ಅಲ್ಲಿ ಪ್ರತಿ ನೂರು, ನೂರೈವತ್ತು ರೋಗಿಗಳಿಗೆ ಆ ನಂಬರ್ ನೋಡಿಕೊಳ್ಳುವ ಒಬ್ಬರು ಸಂಯೋಜಕರಿದ್ದರು, ಹೆಚ್ಚಿನವರು ನರ್ಸ್‌ಗಳು. ಅದನ್ನು ಯಾರೂ ಹೇಳಲ್ಲ.

ಆ ಲೆಕ್ಕದಲ್ಲೂ ಒಂದು ಸಡಿಲ ಇದೆ. ಯೋಜನೆಗೆ ಸೇರುವ ಮುಂಚೆ ಹೇಗಿದ್ದರು, ಸೇರಿದ ಮೇಲೆ ಹೇಗಾದರು ಅಂತ ಅದೇ ಜನರನ್ನೇ ಹೋಲಿಸಿದರು. ಮಷಿನ್ ಇಲ್ಲದವರ ಗುಂಪು ಪಕ್ಕದಲ್ಲಿರಲಿಲ್ಲ. ಇಂಥ ಯೋಜನೆಗೆ ಸೇರುವವರು ಸಾಮಾನ್ಯವಾಗಿ ಆಗಷ್ಟೇ ತುಂಬಾ ಕಷ್ಟಪಟ್ಟವರು. ಮುಂದಿನ ವರ್ಷ ಏನೂ ಮಾಡದಿದ್ದರೂ ಸ್ವಲ್ಪ ಸುಧಾರಿಸಿರುತ್ತಾರೆ. ಬರಗಾಲದ ಮಾರನೇ ವರ್ಷ ಮಳೆ ಬಂದರೆ ಪೂಜೆ ಮಾಡಿಸಿದ್ದಕ್ಕೇ ಬಂತು ಅಂದ ಹಾಗೆ. ನಮ್ಮ ಕಡೆಯವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ.

ಹಾಗಾಗಿ ಚೀಟಿ ಎತ್ತಿದ ಹಾಗೆ ಎರಡು ಗುಂಪು ಮಾಡಿ ನೋಡಿದ ಅಧ್ಯಯನಗಳಿಗೇ ಬೆಲೆ ಜಾಸ್ತಿ. ಅಮೆರಿಕದಲ್ಲೇ ಹೃದಯ ವೈಫಲ್ಯದ, ಅಂದರೆ ಹಾರ್ಟ್ ವೀಕ್ ಆಗಿ ರಕ್ತವನ್ನು ಸರಿಯಾಗಿ ತಳ್ಳಲಾರದ, 1,653 ರೋಗಿಗಳ ಮೇಲೆ ನಡೆದ ಅಂಥದ್ದೊಂದರ ವರದಿ 2010ರಲ್ಲಿ ಬಂತು. ಅರ್ಧದಷ್ಟು ಜನ ದಿನಾ ಫೋನ್ ಮಾಡಿ, ತೂಕ ಎಷ್ಟು, ಉಸಿರಾಟ ಹೇಗಿದೆ ಅಂತ ಗುಂಡಿ ಒತ್ತಿ ತಿಳಿಸಬೇಕಿತ್ತು. ಆರು ತಿಂಗಳಾದ ಮೇಲೆ ನೋಡಿದರೆ ಎರಡು ಗುಂಪಿಗೂ ವ್ಯತ್ಯಾಸವೇ ಇರಲಿಲ್ಲ. ಫೋನ್ ಮಾಡಬೇಕಿದ್ದವರಲ್ಲಿ ಶೇ. 14 ಜನ ಒಮ್ಮೆಯೂ ಮಾಡಿರಲಿಲ್ಲ! 2018ರಲ್ಲಿ ಜರ್ಮನಿಯ ಅಧ್ಯಯನ ಬಂತು. ಅಲ್ಲಿ ದಿನದ 24 ಗಂಟೆಯೂ ಡಾಕ್ಟರ್, ನರ್ಸ್ ಕೂತಿರುವ ಕೇಂದ್ರ ಇತ್ತು. ಅಲ್ಲಿ ಸಾವೂ ಕಡಿಮೆ, ಆಸ್ಪತ್ರೆಯ ದಿನಗಳೂ ಕಡಿಮೆ. ಕಾಯಿಲೆ ಒಂದೇ, ಆ ಕಡೆ ಕೂತವರು ಬೇರೆ.

ಇನ್ನು ಮನೆಯ ವಿಷಯ. ತೂಕದ ಯಂತ್ರವನ್ನು ಜಮಖಾನೆ ಮೇಲೆ ಇಟ್ಟರೆ ತಪ್ಪು ತೋರಿಸುತ್ತದೆ. ಕಡಪ ಕಲ್ಲಿನ ಮೇಲೆ, ಅಲುಗಾಡದ ಜಾಗದಲ್ಲಿ ಇಡಿ. ಬೆಳಗ್ಗೆ ಎದ್ದು ಮೂತ್ರಕ್ಕೆ ಹೋಗಿ ಬಂದು, ತಿಂಡಿಗೆ ಮುಂಚೆ, ದಿನಾ ಅದೇ ತರದ ಬಟ್ಟೆಯಲ್ಲಿ ನಿಲ್ಲಲಿ. ಮೂರು ದಿನದಲ್ಲಿ 2 ಕಿಲೋಗಿಂತ ಜಾಸ್ತಿ ಏರಿದರೆ ಮೈಯಲ್ಲಿ ನೀರು ನಿಲ್ಲುತ್ತಿರಬಹುದು, ಡಾಕ್ಟರಿಗೆ ಹೇಳಿ. ಬಿಪಿಗೆ ಐದು ನಿಮಿಷ ಸುಮ್ನೆ ಕೂರಬೇಕು. ಬೆನ್ನಿಗೆ ಆಸರೆ, ಕೈ ಎದೆಯ ಮಟ್ಟಕ್ಕೆ, ಪಟ್ಟಿ ಬರಿಮೈಗೆ. ಆಗ ತಾನೇ ತೋಟದಿಂದ ಬಂದು ಟೀ ಕುಡಿದು, ಅಂಗಿ ತೋಳಿನ ಮೇಲೆ ಪಟ್ಟಿ ಸುತ್ತಿದರೆ ಬರುವ ನಂಬರ್ ನಂಬುವ ಹಾಗಿಲ್ಲ. ಬೆರಳಿನ ಆಕ್ಸಿಜನ್ ಮೀಟರ್ ಕಪ್ಪು ಚರ್ಮದವರಲ್ಲಿ ಇರುವುದಕ್ಕಿಂತ ಜಾಸ್ತಿ ತೋರಿಸುವುದುಂಟು. ನಂಬರ್ ಚೆನ್ನಾಗಿದೆ ಅಂತ ಏದುಸಿರನ್ನು ಕಡೆಗಣಿಸಬೇಡಿ.

ನಿಮ್ಮ ಪತ್ರದಲ್ಲಿ ಅಪ್ಪ ಏನಂದರು ಅಂತಲೇ ಇಲ್ಲ. ಮಿಲಿಟರಿಯಲ್ಲಿ ಇದ್ದವರು "ಸರಿ ಬಿಡು" ಅಂದರೆ ಅದು ಒಪ್ಪಿಗೆಯೋ, ಆರ್ಡರ್ ಪಾಲಿಸುವ ಹಳೆಯ ರೂಢಿಯೋ ಹೇಳೋದು ಕಷ್ಟ. ನೋವಿದ್ದರೂ "ಫಿಟ್ ಇದ್ದೀನಿ" ಅನ್ನುವವರು ಅವರು. ಏನೇನು ಅಳೆಯುತ್ತೆ, ಯಾರಿಗೆ ಹೋಗುತ್ತೆ, ನಿಮ್ಮ ಫೋನಿಗೂ ಬರುತ್ತಾ ಅಂತ ಕೂತು ಹೇಳಿ. ನಿಮಗೆ ಬರುವುದು ಬೇಡ ಅಂದರೆ ಬೇಡ. ಕ್ಯಾಮೆರಾ ಬೇರೆಯೇ ಮಾತು, ಅದನ್ನು ಈ ಸೆಟ್ ಜೊತೆ ಸೇರಿಸಬೇಡಿ. ಅಮ್ಮನನ್ನೂ ಕೇಳಿ. ದಿನಾ ಪಟ್ಟಿ ಕಟ್ಟುವವರು, ಚಾರ್ಜ್ ಹಾಕುವವರು, ಅಲರ್ಟ್ ಬಂದಾಗ ಗಾಬರಿ ಬೀಳುವವರು ಅವರೇ ಅಲ್ವಾ?

ಕಂಪನಿಯ ಫಾರ್ಮ್ ಓದಿ ಸಹಿ ಹಾಕಿ. ಅಪ್ಪನ ಮಾಹಿತಿ ಇನ್ಶೂರೆನ್ಸಿನವರಿಗೆ, ಜಾಹೀರಾತಿನವರಿಗೆ ಹೋಗುತ್ತಾ ಅಂತ ನೋಡಿ. ಒಪ್ಪಿಗೆ ಕೊಡುವುದು ಎಷ್ಟು ಸುಲಭವೋ ವಾಪಸ್ ಪಡೆಯುವುದೂ ಅಷ್ಟೇ ಸುಲಭ ಇರಬೇಕು ಅನ್ನುತ್ತದೆ ನಮ್ಮ 2023ರ ಡಿಜಿಟಲ್ ಮಾಹಿತಿ ರಕ್ಷಣಾ ಕಾನೂನು. ಮಾಜಿ ಸೈನಿಕರ ಆರೋಗ್ಯ ಯೋಜನೆಯ (ಇಸಿಎಚ್‌ಎಸ್) ಕಾರ್ಡ್ ಇದ್ದರೆ, ಖರ್ಚು ವಾಪಸ್ ಬರುತ್ತಾ ಅಂತ ಪಾಲಿಕ್ಲಿನಿಕ್‌ನಲ್ಲಿ ಮೊದಲೇ ಕೇಳಿ, ಆಮೇಲೆ ಬಿಲ್ ಹಿಡಿದು ಅಲೆಯೋದು ಬೇಡ.

ನನ್ನನ್ನು ಕೇಳಿದರೆ, ಮೊದಲು ಒಂದು ಬಿಪಿ ಮಷಿನ್, ಒಂದು ತೂಕದ ಯಂತ್ರ, ಒಂದು ನೋಟ್‌ಬುಕ್ ಸಾಕು. ಮೂರು ತಿಂಗಳು ಬರೆಯಲಿ. ಈಗ ನೋಡುತ್ತಿರುವ ಡಾಕ್ಟರ್ ವಾರಕ್ಕೊಮ್ಮೆ ಆ ಪುಟದ ಫೋಟೋ ನೋಡಲು ಒಪ್ಪುತ್ತಾರಾ ಕೇಳಿ. ಒಪ್ಪಿದರೆ ದೊಡ್ಡ ಸೆಟ್ಟಿನ ಅರ್ಧ ಕೆಲಸ ಆದ ಹಾಗೆ. ಮತ್ತೆ, ಎದೆನೋವು ಬಂದರೆ ಅಥವಾ ಮಲಗಿದರೆ ಉಸಿರು ಕಟ್ಟುತ್ತಿದ್ದರೆ ಯಾವ ಮಷಿನನ್ನೂ ನೋಡುತ್ತಾ ಕೂರುವುದು ಬೇಡ, ನೇರವಾಗಿ 108ಕ್ಕೆ ಫೋನ್ ಮಾಡಲಿ.