ಬೀಸಣಿಗೆಯ ಹಿಡಿಯಲ್ಲಿ ಒಂದು ಭಾಷೆ

ಕ್ಯಾಲಿಫೋರ್ನಿಯಾದ ತೆಹಾಚಪಿ ಬೆಟ್ಟಗಳ ಒಂದು ಏಣಿನ ಮೇಲೆ ಹಳೆಯ ಊರೊಂದರ ಗುರುತುಗಳಿವೆ. ಮನೆಗಳಿದ್ದ ಕಡೆ ಕಲ್ಲಿನ ಉಂಗುರಗಳು ಉಳಿದಿವೆ. ಬಂಡೆಗಳ ಮೈಮೇಲೆ ಒರಳಿನಂತಹ ಗುಳಿಗಳಿವೆ. ತಲೆಮಾರುಗಟ್ಟಲೆ ಹೆಂಗಸರು ಕಾಳು ಕುಟ್ಟಿ ಕುಟ್ಟಿ ಆದ ಗುಳಿಗಳು ಅವು. ಊರಿನ ಹೆಸರು ಟೊಮೊ ಕಾನಿ. ಟೊಮೊ ಎಂದರೆ ಚಳಿಗಾಲ, ಕಾನಿ ಎಂದರೆ ಮನೆ. ಚಳಿಗಾಲದಲ್ಲಿ ಅರವತ್ತರಿಂದ ನೂರು ಜನ ಇಂತಹ ಊರುಗಳಲ್ಲಿ ಒಟ್ಟಿಗಿದ್ದು, ಬಿಸಿಲು ಏರಿದಂತೆ ಸಣ್ಣ ಸಣ್ಣ ಗುಂಪುಗಳಾಗಿ ಬೆಟ್ಟಕ್ಕೂ ಮೊಹಾವಿ ಮರುಭೂಮಿಯ ಅಂಚಿಗೂ ಆಹಾರ ಹುಡುಕಿ ಹೊರಡುತ್ತಿದ್ದರು.

ಅಮೆರಿಕದ ಮೂಲನಿವಾಸಿಗಳಾದ ಇವರನ್ನು ಹೊರಗಿನವರು ಕವಾಯಿಸು ಎನ್ನುತ್ತಾರೆ. ಅದು ನೆರೆಯ ಯೋಕುಟ್ಸ್ ಜನರು ಇಟ್ಟ ಹೆಸರು. ಅವರು ತಮ್ಮನ್ನು ಕರೆದುಕೊಳ್ಳುವುದು 'ನುವ' ಎಂದು. ಅದರ ಅರ್ಥ 'ಜನ', ಅಷ್ಟೇ. ಕನ್ನಡ ಲಿಪಿಯಲ್ಲಿ 'ನು' ಎಂದು ಬರೆದರೂ ಅಲ್ಲಿರುವುದು ನಮ್ಮ ಉಕಾರವಲ್ಲ. ತುಟಿ ದುಂಡಗಾಗದೆ ಹೊರಡುವ ಸ್ವರ. ತುಳುವಿನಲ್ಲಿ ಪದದ ಕೊನೆಗೆ ಬರುವ ಅರೆ ಉಕಾರವನ್ನು ಕೇಳಿದವರಿಗೆ ಅದರ ಅಂದಾಜು ಸಿಗುತ್ತದೆ.

ಇವರ ಭಾಷೆಯ ಹೆಸರೂ ಕವಾಯಿಸು. ಅದನ್ನು ಬಾಲ್ಯದಿಂದ ಆಡಿಕೊಂಡು ಬೆಳೆದವರು ಈ ಶತಮಾನದ ಆರಂಭಕ್ಕೆ ಬೆರಳೆಣಿಕೆಯಷ್ಟು ಉಳಿದಿದ್ದರು. ಆದರೆ ಒಂದು ಭಾಷೆಯ ತೂಕವನ್ನು ತಲೆ ಎಣಿಸಿ ಅಳೆಯುವುದು ತಪ್ಪು ಎಂದು ನಾನು ನಂಬಿದ್ದೇನೆ. ಅದಕ್ಕೆ ಕವಾಯಿಸುಗಿಂತ ಒಳ್ಳೆಯ ಸಾಕ್ಷಿ ನನಗೆ ಸಿಕ್ಕಿಲ್ಲ.

'ಕಾನಿ' ಪದವನ್ನೇ ನೋಡಿ. ಈ ಜನರ ದೂರದ ನೆಂಟರಾದ ಮೆಕ್ಸಿಕೊದ ಯಾಕಿ ಜನರಲ್ಲಿ ಮನೆಗೆ 'ಕರಿ' ಎನ್ನುತ್ತಾರೆ. ಅಜ್ಟೆಕರ ನಾವಾಟಲ್ ಭಾಷೆಯಲ್ಲಿ ಅದು 'ಕಲ್ಲಿ'. ಇವು ಒಂದೇ ಬೇರಿನ ಪದಗಳೆಂದು ವಿದ್ವಾಂಸರು ಹೇಳುತ್ತಾರೆ. ಇವೆಲ್ಲ ಯೂಟೊ-ಅಜ್ಟೆಕನ್ ಎಂಬ ದೊಡ್ಡ ಭಾಷಾ ಕುಟುಂಬದ ಮಕ್ಕಳು. ನಾವು ದಿನವೂ ಹೇಳುವ 'ಟೊಮೆಟೊ' ಕೂಡ ನಾವಾಟಲ್‌ನಿಂದ ಸ್ಪ್ಯಾನಿಷ್ ದಾಟಿ ಬಂದದ್ದು. ಹಾಗಾಗಿ ಆ ಕುಟುಂಬದ ಒಂದು ಪದವಾದರೂ ಕನ್ನಡದ ಪ್ರತಿ ಅಡುಗೆಮನೆಯಲ್ಲೂ ಇದೆ.

ಈ ಕುಟುಂಬದ ಉತ್ತರದ ಕವಲು ನ್ಯೂಮಿಕ್. ಅದರಲ್ಲಿ ಮೂರು ಟಿಸಿಲುಗಳಿವೆ. ಪ್ರತಿ ಟಿಸಿಲಿನಲ್ಲೂ ಒಂದು ಪುಟ್ಟ ಭಾಷೆ, ಒಂದು ವಿಶಾಲ ಭಾಷೆ. ಮೋನೊ ಪುಟ್ಟದು, ಅದರ ಜೋಡಿಯಾದ ಉತ್ತರ ಪಾಯೂಟ್ ಓರೆಗಾನ್‌ವರೆಗೆ ಹರಡಿದೆ. ಟಿಂಬಿಶಾ ಪುಟ್ಟದು, ಜೋಡಿಯಾದ ಶೊಶೋನಿ ವಯೋಮಿಂಗ್ ತಲುಪಿದೆ. ಕವಾಯಿಸು ಪುಟ್ಟದು, ಜೋಡಿಯಾದ ಯೂಟ್–ದಕ್ಷಿಣ ಪಾಯೂಟ್ ಕೊಲೊರಾಡೊ ಬೆಟ್ಟಗಳವರೆಗೆ ಹೋಗಿದೆ. ನಕ್ಷೆಯ ಮೇಲಿಟ್ಟರೆ ಥೇಟ್ ಬೀಸಣಿಗೆ. ಮೂರು ಪುಟ್ಟ ಭಾಷೆಗಳೂ ನೈರುತ್ಯ ಮೂಲೆಯಲ್ಲಿ, ಡೆತ್ ವ್ಯಾಲಿ ಮತ್ತು ಸಿಯೆರಾ ನೆವಾಡ ಬೆಟ್ಟಗಳ ಆಸುಪಾಸಿನಲ್ಲಿ, ಹಿಡಿಯ ಜಾಗದಲ್ಲಿ ಒತ್ತಾಗಿ ಕುಳಿತಿವೆ.

1958ರಲ್ಲಿ ಸಿಡ್ನಿ ಲ್ಯಾಂಬ್ ಎಂಬ ಭಾಷಾವಿಜ್ಞಾನಿ ಈ ಆಕಾರದಿಂದ ಒಂದು ಚರಿತ್ರೆಯನ್ನೇ ಓದಿದರು. ಒಂದು ಕವಲಿನ ಭಾಷೆಗಳು ಎಲ್ಲಿ ಪರಸ್ಪರ ಹೆಚ್ಚು ಬೇರೆಯಾಗಿವೆಯೋ ಅಲ್ಲಿ ಅವು ಬಹುಕಾಲದಿಂದ ನೆಲೆಸಿರಬೇಕು. ಎಲ್ಲಿ ಸಾವಿರ ಕಿಲೋಮೀಟರ್ ನಡೆದರೂ ಮಾತು ಹೆಚ್ಚು ಬದಲಾಗುವುದಿಲ್ಲವೋ ಅಲ್ಲಿಗೆ ಜನ ಇತ್ತೀಚೆಗೆ ಬಂದಿರಬೇಕು. ಹಾಗಾದರೆ ಸುಮಾರು ಒಂದು ಸಾವಿರ ವರ್ಷದ ಹಿಂದೆ ನ್ಯೂಮಿಕ್ ಜನರು ಈ ಮೂಲೆಯಿಂದಲೇ ಹೊರಟು ಪಶ್ಚಿಮ ಅಮೆರಿಕದ ಒಣ ಪ್ರದೇಶವಾದ ಇಡೀ ಗ್ರೇಟ್ ಬೇಸಿನ್ ತುಂಬಿಕೊಂಡರು ಎಂಬುದು ಅವರ ವಾದ. 1982ರಲ್ಲಿ ಪ್ರಾಕ್ತನಶಾಸ್ತ್ರಜ್ಞರಾದ ಬೆಟಿಂಜರ್ ಮತ್ತು ಬೌಮ್‌ಹಾಫ್ ಅದಕ್ಕೆ ಕಾರಣವನ್ನೂ ಸೂಚಿಸಿದರು. ಮೊದಲಿದ್ದವರು ದೊಡ್ಡ ಬೇಟೆಯನ್ನು ನೆಚ್ಚಿಕೊಂಡಿದ್ದರೆ, ಹೊಸಬರು ಸಣ್ಣ ಬೀಜಗಳನ್ನೂ ಪೈನ್ ಕಾಯಿಗಳನ್ನೂ ತಾಳ್ಮೆಯಿಂದ ಕೂಡಿಸಿ, ಹುರಿದು, ಕುಟ್ಟಿ ಬದುಕಬಲ್ಲವರಾಗಿದ್ದರು. ಒಂದೇ ನೆಲದಲ್ಲಿ ಹೆಚ್ಚು ಬಾಯಿಗಳಿಗೆ ಉಣಿಸಬಲ್ಲವರಾಗಿದ್ದರು. ಈ ಕಥನಕ್ಕೆ ಆಕ್ಷೇಪಗಳಿವೆ, ನ್ಯೂಮಿಕ್ ಜನ ಅಲ್ಲಿ ಬಹಳ ಹಿಂದಿನಿಂದಲೂ ಇದ್ದರು ಎನ್ನುವವರೂ ಇದ್ದಾರೆ. ಆದರೆ ವಾದ ಯಾವ ಕಡೆಗೆ ವಾಲಿದರೂ ಸಾಕ್ಷಿ ಹೇಳಬೇಕಾದದ್ದು ಕವಾಯಿಸುವಿನಂತಹ ಪುಟ್ಟ ಭಾಷೆಗಳೇ. ಹಳಗನ್ನಡದ 'ಪಾಲ್' ಇಂದು 'ಹಾಲು' ಆಗಿರುವ ಹಾಗೆ, ಬೇರೆ ಕೆಲವು ನ್ಯೂಮಿಕ್ ಭಾಷೆಗಳ 'ನುಮ' ಇಲ್ಲಿ 'ನುವ' ಆಗಿದೆ. ಇಂತಹ ಜಾಡುಗಳನ್ನು ಹಿಡಿದೇ ಹಿಂದಕ್ಕೆ ನಡೆಯಬೇಕು.

'ನಾವು' ಎನ್ನುವುದಕ್ಕೆ ಕವಾಯಿಸುವಿನಲ್ಲಿ ಒಂದೇ ಪದ ಸಾಲದು. ನಾನೂ ನೀನೂ ಇಬ್ಬರೇ ಎಂಬುದಕ್ಕೆ ಒಂದು, ನಿನ್ನನ್ನೂ ಸೇರಿಸಿ ನಾವೆಲ್ಲ ಎಂಬುದಕ್ಕೆ ಇನ್ನೊಂದು, ನಿನ್ನನ್ನು ಬಿಟ್ಟು ನಾವು ಎಂಬುದಕ್ಕೆ ಮತ್ತೊಂದು. ತುಳುವಿನ 'ನಮ' ಮತ್ತು 'ಎಂಕುಳು' ಬಲ್ಲವರಿಗೆ ಇದರ ರುಚಿ ಗೊತ್ತು. ಕನ್ನಡ ಈ ವ್ಯತ್ಯಾಸವನ್ನು ಇಟ್ಟುಕೊಂಡಿಲ್ಲ.

ಈಗ ಆ ಒರಳುಗುಳಿಗಳಿಗೆ ಮರಳೋಣ. ಅಲ್ಲಿ ಮುಖ್ಯವಾಗಿ ಕುಟ್ಟುತ್ತಿದ್ದದ್ದು ಓಕ್ ಮರದ ಕಾಯಿ. ಅದನ್ನು ಹಾಗೆಯೇ ತಿಂದರೆ ಬಾಯಿ ಒಗರಿನಿಂದ ಹಿಡಿದುಕೊಳ್ಳುತ್ತದೆ. ನಮ್ಮ ಅಡಿಕೆಯ ಚೊಗರಿನಲ್ಲಿರುವ ಟ್ಯಾನಿನ್ ಅದರಲ್ಲೂ ತುಂಬಿದೆ. ಅದು ಆಹಾರದ ಪ್ರೋಟೀನಿಗೆ ಅಂಟಿಕೊಂಡು ಜೀರ್ಣವಾಗಲು ಬಿಡುವುದಿಲ್ಲ. ಆದರೆ ಟ್ಯಾನಿನ್ ನೀರಿನಲ್ಲಿ ಕರಗುತ್ತದೆ. ಕಾಯಿಯನ್ನು ಇಡಿಯಾಗಿ ನೆನೆಸಿದರೆ ಒಳಗಿನದು ಹೊರಬರಲು ಬಹಳ ದಿನ ಬೇಕು. ನುಣ್ಣಗೆ ಕುಟ್ಟಿದರೆ ನೀರು ಪ್ರತಿ ಕಣವನ್ನೂ ಮುಟ್ಟುತ್ತದೆ. ಹಿಟ್ಟಿನ ಮೇಲೆ ಮತ್ತೆ ಮತ್ತೆ ನೀರು ಹನಿಸಿ ಒಗರು ಇಳಿಸಿ, ಆಮೇಲೆ ಅಂಬಲಿ ಕಾಯಿಸುತ್ತಿದ್ದರು. ಯಾವ ಪ್ರಯೋಗಾಲಯವೂ ಇಲ್ಲದೆ ಕೈಗೂಡಿದ ರಸಾಯನಶಾಸ್ತ್ರ ಇದು.

ನನಗೆ ಅದಕ್ಕಿಂತಲೂ ಅಚ್ಚರಿ ತಂದದ್ದು ಜೊಂಡಿನ ಸಕ್ಕರೆ. ಮಾವಿನ ಜಿಗಿಹುಳು ಎಲೆಯ ಮೇಲೆ ಅಂಟು ಸುರಿಸುವುದನ್ನು ನಮ್ಮ ರೈತರು ಕಂಡಿದ್ದಾರೆ. ಅಲ್ಲಿ ಜೊಂಡುಹುಲ್ಲಿನ ರಸ ಹೀರುವ ಗಿಡಹೇನುಗಳು ಬಿಟ್ಟ ಸಿಹಿ ಅಂಟು ಬಿಸಿಲಿಗೆ ಹರಳುಗಟ್ಟುತ್ತಿತ್ತು. ಕವಾಯಿಸು ಜನರು ಆ ಜೊಂಡನ್ನು ಕೊಯ್ದು ಒಣಗಿಸಿ, ಬಡಿದು, ಉದುರಿದ ಸಕ್ಕರೆಯನ್ನು ಕೂಡಿಸಿಕೊಳ್ಳುತ್ತಿದ್ದರು. 1930ರ ದಶಕದಲ್ಲಿ ಅವರ ಹಿರಿಯರ ಜೊತೆ ಕುಳಿತು ಬರೆದುಕೊಳ್ಳತೊಡಗಿದ ಮಾನವಶಾಸ್ತ್ರಜ್ಞ ಮಾರಿಸ್ ಜಿಗ್‌ಮಂಡ್ ಇನ್ನೂರಕ್ಕೂ ಹೆಚ್ಚು ಸಸ್ಯಗಳ ಹೆಸರು ಮತ್ತು ಬಳಕೆಯನ್ನು ದಾಖಲಿಸಿದರು. ಕಾಡು ಹೊಗೆಸೊಪ್ಪಿನ ಗಿಡಗಳ ಕುಡಿ ಚಿವುಟಿ, ಎಲೆ ದಪ್ಪವಾಗುವಂತೆ ಮಾಡುತ್ತಿದ್ದ ವಿಚಾರವೂ ಅವರಿಗೆ ಸಿಕ್ಕಿತು. ಬೇಸಾಯ ಮಾಡದವರು ಎಂದು ಪುಸ್ತಕಗಳು ಕರೆದ ಜನ ಇವರು!

ಟೊಮೊ ಕಾನಿಯ ಬಂಡೆಯ ಆಸರೆಯಲ್ಲಿ ಬಣ್ಣದ ಚಿತ್ರಗಳಿವೆ. ಅವನ್ನು ಬರೆಯುವುದು ಮನುಷ್ಯರಲ್ಲ, ಬಂಡೆಯೊಳಗೆ ವಾಸಿಸುವ ಬಂಡೆಗೂಸು ಎಂದು ಹಿರಿಯರು ಹೇಳುತ್ತಿದ್ದರು. ಅದು ಸದಾ ಬರೆಯುತ್ತಲೇ ಇರುವುದರಿಂದ ಚಿತ್ರ ಎರಡನೆಯ ಸಲ ಮೊದಲಿನಂತೆ ಕಾಣುವುದಿಲ್ಲವಂತೆ, ಕೈಯಿಂದ ಮುಟ್ಟಲೂಬಾರದು. ಇನ್ನೊಂದು ಕಥೆ ಯಾಹ್ವೇರನದು. ಅವನು ಬೆಟ್ಟದೊಳಗಿನ ಗವಿಯಲ್ಲಿರುವ ಪ್ರಾಣಿಗಳ ಒಡೆಯ. ಒಳಹೊಕ್ಕ ಮನುಷ್ಯನಿಗೆ ಅಲ್ಲಿ ಬೇಟೆಯಲ್ಲಿ ಸತ್ತ ಜಿಂಕೆಗಳೆಲ್ಲ ಜೀವಂತವಾಗಿ ಕಾಣುತ್ತವೆ. ಎಷ್ಟು ತಿಂದರೂ ತೀರದ ಊಟ ಸಿಗುತ್ತದೆ. ಸ್ವಲ್ಪ ಹೊತ್ತು ಇದ್ದೆನೆಂದುಕೊಂಡು ಹೊರಬಂದರೆ, ಮನೆಯವರು ಅವನು ಸತ್ತನೆಂದೇ ತಿಳಿದಿರುತ್ತಾರೆ.

1876ರಲ್ಲಿ ಈ ಕಣಿವೆಗೆ ರೈಲು ಬಂತು. ಬೆಟ್ಟದ ಏರು ತಗ್ಗಿಸಲು ಹಳಿ ತನ್ನನ್ನೇ ತಾನು ಸುತ್ತಿಕೊಂಡು ಏರುವ ತೆಹಾಚಪಿ ಲೂಪ್ ನೋಡಲು ಇಂದಿಗೂ ಜನ ಬರುತ್ತಾರೆ. ಗಣಿ, ದನದ ಹುಲ್ಲುಗಾವಲು, ಪಟ್ಟಣಗಳ ನಡುವೆ ನುವ ಜನರ ನೆಲವೂ ಮಾತೂ ಕುಗ್ಗಿದವು. ಆದರೂ ಅವರು ಮಾತನ್ನು ಕೈಬಿಟ್ಟಿಲ್ಲ. ಕ್ಯಾಲಿಫೋರ್ನಿಯಾದ ಮೂಲನಿವಾಸಿಗಳು 1992ರಿಂದ ರೂಢಿಗೆ ತಂದ ಗುರು–ಶಿಷ್ಯ ಪದ್ಧತಿಯನ್ನು ಕವಾಯಿಸು ಕುಟುಂಬಗಳೂ ಅನುಸರಿಸಿವೆ. ಅದರಲ್ಲಿ ತರಗತಿಯಿಲ್ಲ, ವ್ಯಾಕರಣದ ಪಾಠವಿಲ್ಲ. ಒಬ್ಬ ಹಿರಿಯರು, ಒಬ್ಬ ಕಿರಿಯರು ವಾರಕ್ಕೆ ಹಲವು ಗಂಟೆ ಜೊತೆಗಿದ್ದು ಅಡುಗೆ ಮಾಡುತ್ತಾರೆ, ಬಟ್ಟೆ ಮಡಚುತ್ತಾರೆ, ಬುಟ್ಟಿ ಹೆಣೆಯುತ್ತಾರೆ. ನಿಯಮ ಒಂದೇ: ಅಷ್ಟೂ ಹೊತ್ತು ಇಂಗ್ಲಿಷ್ ಆಡುವಂತಿಲ್ಲ. ಪದ ಗೊತ್ತಿಲ್ಲದಿದ್ದರೆ ಕೈಸನ್ನೆ ಮಾಡಬೇಕು, ಇಲ್ಲವೇ ಹಿರಿಯರು ಆ ವಸ್ತುವನ್ನು ಮುಟ್ಟಿ ಹೆಸರು ಹೇಳುವವರೆಗೆ ಕಾಯಬೇಕು.