ಪೆಗ್ಗಿ ಆಶ್‌ಕ್ರಾಫ್ಟ್: ಮಿಸೆಸ್ ಮೂರ್‌ಗೆ ಮುಂಚಿನ ಐವತ್ತು ವರ್ಷ

ಇಂಗ್ಲಿಷ್ ನಟಿ ಪೆಗ್ಗಿ ಆಶ್‌ಕ್ರಾಫ್ಟ್ ಬಗ್ಗೆ ಪ್ರಬಂಧ ಬರೆಯುವವರೆಲ್ಲ ಸಾಮಾನ್ಯವಾಗಿ ಒಂದೇ ವಾಕ್ಯದಿಂದ ಶುರುಮಾಡುತ್ತಾರೆ: ರಂಗಭೂಮಿಯ ದೊಡ್ಡ ನಟಿ, ಸಿನಿಮಾಕ್ಕೆ ಬಂದದ್ದು ಇಳಿವಯಸ್ಸಿನಲ್ಲಿ, 77ಕ್ಕೆ ಆಸ್ಕರ್. ಮೊದಲನೆಯದೂ ಕೊನೆಯದೂ ಸರಿ, ನಡುವಿನದು ತಪ್ಪು. ಅವರ ಮೊದಲ ಸಿನಿಮಾ ‘ದಿ ವಾಂಡರಿಂಗ್ ಜ್ಯೂ’ ಬಂದದ್ದು 1933ರಲ್ಲಿ, ಅಂದರೆ ಅವರಿಗೆ ಇಪ್ಪತ್ತೈದು ತುಂಬಿದ್ದಾಗ. ಅದಾಗಿ ಎರಡೇ ವರ್ಷಕ್ಕೆ ಹಿಚ್‌ಕಾಕ್ ಕ್ಯಾಮೆರಾ ಮುಂದೆ ನಿಂತಿದ್ದರು. ಮಿಸೆಸ್ ಮೂರ್ ಪಾತ್ರಕ್ಕೆ ಆಸ್ಕರ್ ತಂದುಕೊಟ್ಟ ‘ಎ ಪ್ಯಾಸೇಜ್ ಟು ಇಂಡಿಯಾ’ಕ್ಕೂ ಆ ಮೊದಲ ಸಿನಿಮಾಕ್ಕೂ ನಡುವೆ ಐವತ್ತೊಂದು ವರ್ಷಗಳಿವೆ. ಆ ಐವತ್ತೊಂದು ವರ್ಷಗಳನ್ನು ಹೇಗೆ ಓದಬೇಕು ಎಂಬುದೇ ಈ ಟಿಪ್ಪಣಿಯ ವಿಷಯ.

ಮೊದಲು ಒಂದು ಹಾಳೆಯಲ್ಲಿ ಮೂರು ಕಾಲಂ ಗೀಚಿಕೊಳ್ಳಿ: ಸಿನಿಮಾ, ಟಿವಿ, ರಂಗ. ಸಿನಿಮಾದ ಕಾಲಂ ಒಂದನ್ನೇ ತುಂಬಿದರೆ ಇವರ ಬದುಕು ಅರ್ಥವಾಗುವುದಿಲ್ಲ. ಐದು ವರ್ಷ, ಹತ್ತು ವರ್ಷ, ಒಮ್ಮೆಯಂತೂ ಹದಿನೈದಕ್ಕೂ ಹೆಚ್ಚು ವರ್ಷ ಖಾಲಿ ಬೀಳುತ್ತದೆ. ಖಾಲಿ ಕಂಡಲ್ಲಿ ಪಕ್ಕದ ಕಾಲಂ ನೋಡಬೇಕು.

ರಂಗದ ಕಾಲಂನಲ್ಲಿ ಇಷ್ಟಿದ್ದರೆ ಸಾಕು. 1907ರ ಡಿಸೆಂಬರ್ 22ರಂದು ಲಂಡನ್ನಿನ ದಕ್ಷಿಣದ ಕ್ರಾಯ್ಡನ್‌ನಲ್ಲಿ ಜನನ. ಎಲ್ಸಿ ಫೋಗರ್ಟಿಯವರ ಸೆಂಟ್ರಲ್ ಸ್ಕೂಲ್‌ನಲ್ಲಿ ತರಬೇತಿ. ಲಾರೆನ್ಸ್ ಒಲಿವಿಯೆ ಕೂಡ ಅಲ್ಲೇ ಕಲಿತವರು. 1926ರಲ್ಲಿ ಬರ್ಮಿಂಗ್‌ಹ್ಯಾಮ್‌ನಲ್ಲಿ ರಂಗಪ್ರವೇಶ. 1930ರಲ್ಲಿ ಪಾಲ್ ರೋಬ್ಸನ್‌ರ ಒಥೆಲೊಗೆ ಡೆಸ್ಡಿಮೋನ. 1935ರಲ್ಲಿ ಜೂಲಿಯೆಟ್, ರೋಮಿಯೊ ಪಾತ್ರವನ್ನು ಗಿಲ್‌ಗುಡ್ ಮತ್ತು ಒಲಿವಿಯೆ ಅದಲುಬದಲಾಗಿ ಮಾಡಿದ ಪ್ರಸಿದ್ಧ ಪ್ರಯೋಗ ಅದು. 1956ರಲ್ಲಿ ಡೇಮ್ ಪದವಿ (ಗಂಡಸರ ‘ಸರ್’ ಬಿರುದಿಗೆ ಸಮನಾದದ್ದು). ಅರವತ್ತರ ದಶಕದ ಆರಂಭದಿಂದ ರಾಯಲ್ ಶೇಕ್ಸ್‌ಪಿಯರ್ ಕಂಪನಿಯ ಜೊತೆ ದೀರ್ಘ ನಂಟು. ಸಿನಿಮಾ ಕಡಿಮೆಯಾದದ್ದಕ್ಕೆ ಮುಖ್ಯ ಕಾರಣವೂ ಇಲ್ಲೇ ಇದೆ. ಒಂದೇ ತಂಡದ ಜೊತೆ ಋತುವಿಡೀ ಕೆಲಸ ಮಾಡುವುದು ಅವರ ಒಲವು. ಹಾಗೆ ತಂಡಕ್ಕೆ ಕಟ್ಟುಬಿದ್ದವರಿಗೆ ತಿಂಗಳುಗಟ್ಟಲೆ ಹೊರಾಂಗಣ ಚಿತ್ರೀಕರಣಕ್ಕೆ ಹೋಗಲು ಬಿಡುವೆಲ್ಲಿ? ಸಿಕ್ಕ ಬಿಡುವಿಗೆ ಹೊಂದುತ್ತಿದ್ದುದು ಕೆಲವೇ ದಿನಗಳ ಸಣ್ಣ ಪಾತ್ರಗಳು.

1935: ಒಲೆಯ ಮುಂದಿನ ಮಾರ್ಗರೆಟ್

ಜೂಲಿಯೆಟ್ ಆಗಿ ಲಂಡನ್ ಗೆದ್ದ ಅದೇ ವರ್ಷ ‘ದಿ 39 ಸ್ಟೆಪ್ಸ್’ನಲ್ಲಿ ಆಶ್‌ಕ್ರಾಫ್ಟ್‌ಗೆ ಸಿಕ್ಕದ್ದು ಸ್ಕಾಟ್ಲೆಂಡಿನ ಒಬ್ಬ ಸಣ್ಣ ಹಿಡುವಳಿದಾರನ ಹೆಂಡತಿಯ ಪಾತ್ರ. ಇಡೀ ಚಿತ್ರ ಸುಮಾರು 86 ನಿಮಿಷ. ಅದರಲ್ಲಿ ಇವರ ಭಾಗ ಕೆಲವೇ ನಿಮಿಷ. ಹಾಗಿದ್ದೂ ಇಂದಿಗೂ ಪಾಠ ಹೇಳಲು ಇದಕ್ಕಿಂತ ಒಳ್ಳೆಯ ತುಣುಕು ಇವರ ಸಿನಿಮಾಗಳಲ್ಲಿ ಇಲ್ಲ. ಒಮ್ಮೆ ಧ್ವನಿಯೊಂದಿಗೆ, ಒಮ್ಮೆ ಧ್ವನಿ ಮುಚ್ಚಿ ನೋಡಿ.

ಕೊಲೆಯ ಆರೋಪ ಹೊತ್ತು ಪೊಲೀಸರಿಂದ ತಪ್ಪಿಸಿಕೊಂಡ ಹ್ಯಾನೆ (ರಾಬರ್ಟ್ ಡೋನಟ್) ರಾತ್ರಿ ತಂಗಲು ಆ ಮನೆಗೆ ಬರುತ್ತಾನೆ. ಮನೆಯಾತ (ಜಾನ್ ಲಾರಿ) ಜಿಪುಣ, ದೇವಭಕ್ತ, ಅನುಮಾನದ ಪಿಂಡ. ಒಳಗಿರುವ ಹುಡುಗಿಯನ್ನು ಹ್ಯಾನೆ ಅವನ ಮಗಳೆಂದುಕೊಳ್ಳುತ್ತಾನೆ. ಹೆಂಡತಿ ಎಂಬ ಉತ್ತರ ಬರುತ್ತದೆ. ಆ ಒಂದು ಮಾತಿನಲ್ಲೇ ಮಾರ್ಗರೆಟ್‌ಳ ಇಡೀ ಸಂಸಾರ ತಿಳಿದುಹೋಗುತ್ತದೆ. ಆಮೇಲೆ ಅವಳು ನಗರದ ಬಗ್ಗೆ ಕೇಳುವ ಪ್ರಶ್ನೆಗಳನ್ನು ಗಮನಿಸಿ. ಲಂಡನ್ನಿನ ಹೆಂಗಸರು ಕಾಲುಗುರಿಗೆ ಬಣ್ಣ ಹಚ್ಚುವುದು ನಿಜವೇ ಎಂದು ಕೇಳುವಾಗ ಆಶ್‌ಕ್ರಾಫ್ಟ್ ದನಿಯಲ್ಲಿ ಅಳುವನ್ನು ಬೆರೆಸುವುದಿಲ್ಲ, ಬರಿಯ ಕುತೂಹಲವಷ್ಟೇ ಇದೆ. ನೋಡುವವರಿಗೆ ಮರುಕ ಹುಟ್ಟುವುದು ಆ ಕಾರಣಕ್ಕೇ. ಹೊಸ ನಟರು ಇಲ್ಲೇ ಎಡವುತ್ತಾರೆ, ಪಾತ್ರದ ದುಃಖವನ್ನು ತಾವೇ ಮೊದಲು ಉಂಡುಬಿಡುತ್ತಾರೆ.

ಮುಖ್ಯ ಭಾಗ ಊಟದ ಮೇಜಿನದು. ಗಂಡ ಕಣ್ಣುಮುಚ್ಚಿ ಪ್ರಾರ್ಥನೆ ಹೇಳತೊಡಗುತ್ತಾನೆ. ಮೇಜಿನ ಮೇಲಿನ ಪತ್ರಿಕೆಯಲ್ಲಿ ಕೊಲೆಯ ಸುದ್ದಿ ಇದೆ. ಹ್ಯಾನೆಯ ಕಣ್ಣು ಪತ್ರಿಕೆಯ ಮೇಲೆ, ಮಾರ್ಗರೆಟ್‌ಳ ಕಣ್ಣು ಹ್ಯಾನೆಯ ಮೇಲೆ. ಅವಳಿಗೆ ವಿಷಯ ಹೊಳೆಯುತ್ತದೆ. ಅಷ್ಟರಲ್ಲಿ ಗಂಡ ಕಣ್ಣುಬಿಟ್ಟು ಇವರಿಬ್ಬರ ನೋಟ ಸೇರಿದ್ದನ್ನು ನೋಡುತ್ತಾನೆ. ಅವರು ಹಂಚಿಕೊಂಡದ್ದು ಭಯ, ಇವನು ಓದಿಕೊಂಡದ್ದು ಪ್ರೇಮ. ಆಮೇಲೆ ಅವನು ಹೊರಗೆ ಹೋಗಿ ಕಿಟಕಿಯಿಂದ ಇಣುಕುತ್ತಾನೆ. ಅವನಿಗೆ ಮಾತು ಕೇಳಿಸುವುದಿಲ್ಲ, ಮುಖ ಮಾತ್ರ ಕಾಣುತ್ತದೆ. ಇಲ್ಲಿ ಆಶ್‌ಕ್ರಾಫ್ಟ್ ಮಾಡಬೇಕಾದದ್ದು ಕಷ್ಟದ ಕೆಲಸ: ಒಂದೇ ಮುಖ ನಮಗೊಂದು ಅರ್ಥ, ಗಂಡನಿಗೆ ಇನ್ನೊಂದು ಅರ್ಥ ಕೊಡಬೇಕು. ಹಿಚ್‌ಕಾಕ್ ಮೂಕಿಚಿತ್ರಗಳಲ್ಲಿ ಪಳಗಿದವರು. ರಂಗದಿಂದ ಬಂದ ನಟಿ ಆ ವ್ಯಾಕರಣಕ್ಕೆ ಎಷ್ಟು ಬೇಗ ಒಗ್ಗಿದರು ಎಂಬುದನ್ನು ಪ್ರಬಂಧದಲ್ಲಿ ಎತ್ತಿ ಹೇಳಬಹುದು.

ಕೊನೆಗೆ ಅವಳು ಗಂಡನ ಭಾನುವಾರದ ಓವರ್‌ಕೋಟನ್ನು ಹ್ಯಾನೆಗೆ ಕೊಟ್ಟು ಕಳಿಸುತ್ತಾಳೆ. ಮುಂದೆ ಹ್ಯಾನೆಯ ಎದೆಗೆ ಬಂದ ಗುಂಡನ್ನು ತಡೆಯುವುದು ಆ ಕೋಟಿನ ಜೇಬಿನಲ್ಲಿದ್ದ ಪ್ರಾರ್ಥನಾಗೀತೆಗಳ ಪುಸ್ತಕ. ಕೋಟು ಕೊಟ್ಟ ತಪ್ಪಿಗೆ ಮಾರ್ಗರೆಟ್‌ಗೆ ಏಟು ಬೀಳುತ್ತದೆ. ಕಥೆ ಅವಳನ್ನು ಅಲ್ಲೇ ಬಿಟ್ಟು ಮುಂದೆ ಓಡುತ್ತದೆ. ಮತ್ತೆ ಅವಳ ಸುದ್ದಿ ಎತ್ತುವುದಿಲ್ಲ. ಚಿತ್ರಕಥೆಯ ಲೆಕ್ಕದಲ್ಲಿ ಅವಳ ಕೆಲಸ ಕೋಟು ದಾಟಿಸುವುದಷ್ಟೇ. ಅಷ್ಟು ಸಣ್ಣ ಕೆಲಸದ ಪಾತ್ರ ಇಷ್ಟು ಕಾಲ ನೆನಪಿನಲ್ಲಿ ಉಳಿದದ್ದರಲ್ಲಿ ನಟಿಯ ಪಾಲು ದೊಡ್ಡದು.

ನಡುವಿನ ದಶಕಗಳು

1936ರ ‘ರೋಡ್ಸ್ ಆಫ್ ಆಫ್ರಿಕಾ’, 1940ರ ಯುದ್ಧಪ್ರಚಾರದ ಕಿರುಚಿತ್ರ ‘ಚಾನೆಲ್ ಇನ್ಸಿಡೆಂಟ್’, 1941ರ ‘ಕ್ವೈಟ್ ವೆಡಿಂಗ್’ — ಇವುಗಳನ್ನು ಪಟ್ಟಿಗೆ ಸೇರಿಸಿ, ಹೆಚ್ಚು ಹೊತ್ತು ನಿಲ್ಲಬೇಕಿಲ್ಲ. ನಿಲ್ಲಬೇಕಾದದ್ದು 1959ರಲ್ಲಿ: ಫ್ರೆಡ್ ಝಿನಮನ್ ನಿರ್ದೇಶನದ ‘ದಿ ನನ್ಸ್ ಸ್ಟೋರಿ’. ಆಡ್ರೆ ಹೆಪ್‌ಬರ್ನ್ ನಾಯಕಿ; ಆಶ್‌ಕ್ರಾಫ್ಟ್ ಕಾಂಗೊದ ಮಿಷನ್‌ನ ಮದರ್ ಮಥಿಲ್ಡ್. ನನ್‌ಗಳ ಉಡುಪಿನಲ್ಲಿ ಕೂದಲು, ಕತ್ತು, ತೋಳು ಎಲ್ಲ ಮುಚ್ಚಿಹೋಗುತ್ತವೆ, ಉಳಿಯುವುದು ಮುಖದ ಒಂದು ಬಿಲ್ಲೆ. ಅದೇ ಚಿತ್ರದಲ್ಲಿ ಈಡಿತ್ ಇವಾನ್ಸ್ ಕೂಡ ಮದರ್ ಸುಪೀರಿಯರ್ ಆಗಿದ್ದಾರೆ. ಇಬ್ಬರನ್ನೂ ಪಕ್ಕಪಕ್ಕ ಇಟ್ಟು ಹೋಲಿಸಿ: ಇವಾನ್ಸ್ ದನಿಯಿಂದ ಅಧಿಕಾರ ಸ್ಥಾಪಿಸುತ್ತಾರೆ, ಆಶ್‌ಕ್ರಾಫ್ಟ್ ಎದುರಿನವರ ಮಾತು ಕೇಳಿಸಿಕೊಳ್ಳುವ ರೀತಿಯಿಂದ.

1971ರ ‘ಸಂಡೇ ಬ್ಲಡಿ ಸಂಡೇ’ ಜಾನ್ ಶ್ಲೆಸಿಂಜರ್‌ರದು. ಗ್ಲೆಂಡಾ ಜಾಕ್ಸನ್‌ಗೆ ತಾಯಿಯ ಪಾತ್ರ, ನಿಜಕ್ಕೂ ಕಿರಿದು. ಪೂರ್ತಿ ಸಿಗಲಿಲ್ಲವೆಂದು ಕೈಚೆಲ್ಲುವ ಮಗಳಿಗೆ, ಪೂರ್ತಿ ಎಂಬುದು ಯಾರಿಗೂ ಸಿಗುವುದಿಲ್ಲ ಎಂಬರ್ಥದ ಬುದ್ಧಿಮಾತು ಹೇಳುತ್ತಾಳೆ. ಇದನ್ನು ಉಪದೇಶವಾಗಿ ಹೇಳಿದ್ದರೆ ದೃಶ್ಯ ಸತ್ತುಹೋಗುತ್ತಿತ್ತು. ತನ್ನ ದಾಂಪತ್ಯದ ಲೆಕ್ಕವನ್ನೂ ಒಪ್ಪಿಸುತ್ತಿದ್ದಾಳೆ ಎನಿಸುವಂತೆ ಆಶ್‌ಕ್ರಾಫ್ಟ್ ಹೇಳುತ್ತಾರೆ.

ಈಗ ಹಲವರು ಬಿಟ್ಟುಬಿಡುವ ಕೊಂಡಿ. 1978ರ ‘ಹಲ್ಲಬಲೂ ಓವರ್ ಜಾರ್ಜಿ ಅಂಡ್ ಬಾನೀಸ್ ಪಿಕ್ಚರ್ಸ್’ — ಜೇಮ್ಸ್ ಐವರಿ ನಿರ್ದೇಶನ, ಜೋಧಪುರದಲ್ಲಿ ಚಿತ್ರೀಕರಣ, ಲಂಡನ್ನಿನ ಟಿವಿಗಾಗಿ ತಯಾರಿ. ಮಹಾರಾಜನ ಬಳಿ ಇರುವ ಹಳೆಯ ವರ್ಣಚಿತ್ರಗಳ ಮೇಲೆ ಕಣ್ಣಿಟ್ಟು ಬರುವ ಇಂಗ್ಲಿಷ್ ಮುದುಕಿ ಆಶ್‌ಕ್ರಾಫ್ಟ್, ಮಹಾರಾಜ ವಿಕ್ಟರ್ ಬ್ಯಾನರ್ಜಿ, ಅವನ ತಂಗಿ ಅಪರ್ಣಾ ಸೇನ್. ಅಂದರೆ ‘ಪ್ಯಾಸೇಜ್’ನ ಮಿಸೆಸ್ ಮೂರ್ ಮತ್ತು ಡಾ. ಅಜೀಜ್ (ಈ ಪಾತ್ರ ಬ್ಯಾನರ್ಜಿಯದು) ಮಸೀದಿಯಲ್ಲಿ ಭೇಟಿಯಾಗುವ ಎಷ್ಟೋ ಮುಂಚೆಯೇ ಆ ಇಬ್ಬರು ನಟರು ಒಂದೇ ಚಿತ್ರದಲ್ಲಿ ಎದುರುಬದುರಾಗಿದ್ದರು.

ಟಿವಿ ಕಾಲಂ ತುಂಬುವುದು ಇಲ್ಲಿಂದ. 1965ರಲ್ಲಿ ಬಿಬಿಸಿ, ರಾಯಲ್ ಶೇಕ್ಸ್‌ಪಿಯರ್ ಕಂಪನಿ ಸ್ಟ್ರಾಟ್‌ಫರ್ಡ್‌ನಲ್ಲಿ ಆಡಿದ ‘ದಿ ವಾರ್ಸ್ ಆಫ್ ದಿ ರೋಸಸ್’ ಸರಣಿಯನ್ನು ತೋರಿಸಿತ್ತು. ಅದರಲ್ಲಿ ಆಶ್‌ಕ್ರಾಫ್ಟ್ ಮಾಡಿದ ರಾಣಿ ಮಾರ್ಗರೆಟ್ ಹುಡುಗಿಯಿಂದ ಮುದುಕಿಯವರೆಗೆ ಬೆಳೆಯುತ್ತಾಳೆ. 1980ರಲ್ಲಿ ಎರಡು ಟಿವಿ ಚಿತ್ರಗಳು ಒಟ್ಟೊಟ್ಟಿಗೆ ಬಂದವು: ಡೆನ್ನಿಸ್ ಪಾಟರ್ ಬರೆದ ‘ಕ್ರೀಮ್ ಇನ್ ಮೈ ಕಾಫಿ’, ಸ್ಟೀಫನ್ ಪೊಲಿಯಕಾಫ್ ಬರೆದ ‘ಕಾಟ್ ಆನ್ ಎ ಟ್ರೇನ್’. ಎರಡಕ್ಕೂ ಸೇರಿಸಿ ಬಾಫ್ಟಾ (ಬ್ರಿಟಿಷ್ ಅಕಾಡೆಮಿ) ಟಿವಿ ಪ್ರಶಸ್ತಿ. ಎರಡನೆಯದನ್ನು ತಪ್ಪದೆ ನೋಡಿ. ರಾತ್ರಿ ರೈಲು, ವಿಯೆನ್ನಾದ ಫ್ರಾವ್ ಮೆಸ್ನರ್ ಎಂಬ ಮುದುಕಿ, ಎದುರು ಮೈಕಲ್ ಕಿಚನ್. ಸೀಟಿಗಾಗಿ ಶುರುವಾಗುವ ಜಗಳ ರಾತ್ರಿಯಿಡೀ ಬೆಳೆಯುತ್ತದೆ. ಹಟಮಾರಿ, ಅಹಂಕಾರಿ, ಒಮ್ಮೊಮ್ಮೆ ಭಯ ಹುಟ್ಟಿಸುವ ಹೆಂಗಸು. ಇದನ್ನು ನೋಡಿದವರು ಮುಂದೆ ಮಿಸೆಸ್ ಮೂರ್‌ಳನ್ನು ‘ಕರುಣಾಮಯಿ ಅಜ್ಜಿ’ ಎಂದು ಸುಲಭಕ್ಕೆ ಬರೆಯಲಾರರು.

1984: ಒಂದೇ ವರ್ಷ, ಇಬ್ಬರು ಹೆಂಗಸರು

1984ರ ಜನವರಿಯಿಂದ ಏಪ್ರಿಲ್‌ವರೆಗೆ ಗ್ರನಾಡಾ ಟಿವಿಯ ‘ದಿ ಜ್ಯುವೆಲ್ ಇನ್ ದಿ ಕ್ರೌನ್’ ಹದಿನಾಲ್ಕು ಕಂತುಗಳಲ್ಲಿ ಪ್ರಸಾರವಾಯಿತು. ಪಾಲ್ ಸ್ಕಾಟ್ ಅವರ ನಾಲ್ಕು ಕಾದಂಬರಿಗಳು ಇದಕ್ಕೆ ಆಧಾರ. ಭಾರತದ ಹೊರಾಂಗಣ ದೃಶ್ಯಗಳನ್ನು ತೆಗೆದ ಊರುಗಳಲ್ಲಿ ಉದಯಪುರ, ಶಿಮ್ಲಾ, ಕಾಶ್ಮೀರದ ಜೊತೆ ನಮ್ಮ ಮೈಸೂರೂ ಇದೆ. ಆಶ್‌ಕ್ರಾಫ್ಟ್ ಇಲ್ಲಿ ಬಾರ್ಬಿ ಬ್ಯಾಚೆಲರ್: ನಿವೃತ್ತ ಮಿಷನರಿ ಶಿಕ್ಷಕಿ, ವಟವಟ ಮಾತು, ಬ್ರಿಟಿಷ್ ಸಮಾಜದಲ್ಲೇ ಕೀಳಾಗಿ ಕಾಣಲ್ಪಡುವವಳು. ಮಾತೇ ಬದುಕಾಗಿದ್ದವಳು ಮೆಲ್ಲಗೆ ಮೌನಕ್ಕೆ ಜಾರುತ್ತಾಳೆ.

ಅದೇ ವರ್ಷದ ಡಿಸೆಂಬರ್‌ನಲ್ಲಿ ಅಮೆರಿಕದಲ್ಲಿ ತೆರೆಕಂಡದ್ದು ಡೇವಿಡ್ ಲೀನ್‌ರ ‘ಎ ಪ್ಯಾಸೇಜ್ ಟು ಇಂಡಿಯಾ’. ಚಿತ್ರಕಥೆ ಲೀನ್‌ರದು, ಆಧಾರ ಇ.ಎಂ. ಫಾರ್ಸ್ಟರ್ ಕಾದಂಬರಿ ಮತ್ತು ಅದನ್ನು ಸಾಂತಾ ರಾಮರಾವ್ ನಾಟಕಕ್ಕೆ ಅಳವಡಿಸಿದ ರೂಪ. (ಸಾಂತಾ ಅವರು ಮಂಗಳೂರು ಮೂಲದ ಬೆನಗಲ್ ಮನೆತನದವರು, ರಿಸರ್ವ್ ಬ್ಯಾಂಕ್ ಗವರ್ನರ್ ಆಗಿದ್ದ ಬೆನಗಲ್ ರಾಮರಾವ್ ಅವರ ಮಗಳು.) ಲೀನ್ 1908ರ ಮಾರ್ಚ್‌ನಲ್ಲಿ ಹುಟ್ಟಿದವರು, ಅಂದರೆ ನಟಿಗಿಂತ ಮೂರೇ ತಿಂಗಳು ಚಿಕ್ಕವರು. ಎಪ್ಪತ್ತೈದು ದಾಟಿದ ಇಬ್ಬರೂ ಬೆಂಗಳೂರಿನ ಬಿಸಿಲಿನಲ್ಲಿ ಕೆಲಸ ಮಾಡಿದರು.

ಸ್ಥಳಗಳ ವಿಷಯದಲ್ಲಿ ತಪ್ಪು ಬರೆಯುವವರು ಹೆಚ್ಚು, ಆದ್ದರಿಂದ ಬಿಡಿಸಿ ಹೇಳಬೇಕು. ಕಾದಂಬರಿಯ ಮರಬಾರ್ ಗುಹೆಗಳಿಗೆ ಪ್ರೇರಣೆ ಬಿಹಾರದ ಗಯೆಯ ಬಳಿಯ ಬರಾಬರ್ ಗುಹೆಗಳು. ಅವು ಲೀನ್ ಕಣ್ಣಿಗೆ ತೆರೆಗೆ ತಕ್ಕಂತೆ ಕಾಣಲಿಲ್ಲ. ಬದಲಿಗೆ ಮಾಗಡಿಯ ಸಾವನದುರ್ಗ ಮತ್ತು ರಾಮನಗರದ ರಾಮದೇವರಬೆಟ್ಟವನ್ನು ಆರಿಸಿಕೊಂಡರು. ತೆರೆಯ ಮೇಲೆ ಕಾಣುವ ಗುಹೆಯ ಬಾಯಿಗಳನ್ನು ಚಿತ್ರತಂಡವೇ ಬಂಡೆಯಲ್ಲಿ ಕೊರೆಯಿಸಿತು. ಹಾಗಾಗಿ ‘ಮರಬಾರ್ ಗುಹೆಗಳು ಸಾವನದುರ್ಗದಲ್ಲಿವೆ’ ಎಂಬ ವಾಕ್ಯ ತಪ್ಪು. ಬೆಟ್ಟ ನಿಜದ್ದು, ಬಾಯಿ ಕೊರೆದದ್ದು. ಕಥೆ ನಡೆಯುವ ಚಂದ್ರಾಪೋರ್ ಪಟ್ಟಣದ ಸೆಟ್ಟು ಎದ್ದದ್ದು ಬೆಂಗಳೂರು ಅರಮನೆಯ ಮೈದಾನದಲ್ಲಿ.

ಅಭಿನಯ ನೋಡಲು ಮೂರು ಜಾಗ ಸಾಕು. ಮಸೀದಿ: ಕತ್ತಲಲ್ಲಿ ಅಜೀಜ್ ಗದರುತ್ತಾನೆ, ಇವಳು ಚಪ್ಪಲಿ ಬಿಟ್ಟೇ ಬಂದಿದ್ದೇನೆ ಎನ್ನುತ್ತಾಳೆ. ಆ ಉತ್ತರದಲ್ಲಿ ವಿನಯದ ಪ್ರದರ್ಶನವಿಲ್ಲ, ಸರಿಯಾದದ್ದನ್ನು ಮಾಡಿದವಳ ಸಹಜತೆ ಇದೆ. ಗುಹೆ: ಇಕ್ಕಟ್ಟು, ಜನರ ಒತ್ತಡ, ಮಾರ್ದನಿ, ಹೊರಬಂದು ಕುರ್ಚಿಯಲ್ಲಿ ಕುಸಿಯುತ್ತಾಳೆ. ಇಲ್ಲಿಂದ ಪಾತ್ರ ತಿರುಗುತ್ತದೆ, ಮೂರನೆಯ ಜಾಗ ಅದರ ಫಲ. ಗುಹೆಯಲ್ಲಿ ಇಂಗ್ಲಿಷ್ ಯುವತಿಯೊಬ್ಬಳ ಮೇಲೆ ಕೈಮಾಡಿದನೆಂಬ ಆರೋಪ ಹೊತ್ತ ಅಜೀಜ್ ನಿರಪರಾಧಿ ಎಂದು ಬಲ್ಲವಳು ಸಾಕ್ಷಿ ಹೇಳಲು ನಿಲ್ಲದೆ, ಮಗನ ಮೇಲೆ ಸಿಡುಕುತ್ತ, ಹಡಗು ಹತ್ತಿ ಹೊರಟುಬಿಡುತ್ತಾಳೆ, ಸಮುದ್ರದಲ್ಲೇ ಸಾಯುತ್ತಾಳೆ. ಈ ಹಿಂದೆಗೆತವನ್ನು ಆಶ್‌ಕ್ರಾಫ್ಟ್ ಸಿಹಿ ಮಾಡುವುದಿಲ್ಲ. ದಣಿವು, ಬೇಸರ, ಸ್ವಲ್ಪ ನಿಷ್ಠುರತೆ ಎಲ್ಲ ಹಾಗೇ ಉಳಿಯುತ್ತವೆ. ಫ್ರಾವ್ ಮೆಸ್ನರ್‌ಳ ಮುಖ ಇಲ್ಲಿ ಒಂದು ಕ್ಷಣ ಇಣುಕುತ್ತದೆ ಎಂದು ನನಗನಿಸುತ್ತದೆ.

ಪ್ರಶಸ್ತಿಗಳ ಗೋಜಲು

ಪ್ರಬಂಧ ಬರೆಯುವವರು ಅಂಕ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿ. ಮಿಸೆಸ್ ಮೂರ್ ಎಂಬ ಒಂದೇ ಪಾತ್ರಕ್ಕೆ ನ್ಯೂಯಾರ್ಕ್ ಫಿಲ್ಮ್ ಕ್ರಿಟಿಕ್ಸ್ ಸರ್ಕಲ್ ಮತ್ತು ನ್ಯಾಷನಲ್ ಬೋರ್ಡ್ ಆಫ್ ರಿವ್ಯೂ ಕೊಟ್ಟದ್ದು ‘ಅತ್ಯುತ್ತಮ ನಟಿ’. ಲಾಸ್ ಏಂಜಲೀಸ್ ವಿಮರ್ಶಕರು, ಗೋಲ್ಡನ್ ಗ್ಲೋಬ್, ಆಸ್ಕರ್ ಕೊಟ್ಟದ್ದು ‘ಅತ್ಯುತ್ತಮ ಪೋಷಕ ನಟಿ’. ಬಾಫ್ಟಾ ಮತ್ತೆ ‘ಅತ್ಯುತ್ತಮ ನಟಿ’. ಇದರಲ್ಲಿ ವಿರೋಧಾಭಾಸವೇನಿಲ್ಲ. ಪಾತ್ರ ಯಾವ ವಿಭಾಗಕ್ಕೆ ಸೇರಬೇಕೆಂದು ಪ್ರತಿ ಸಂಸ್ಥೆಯೂ ತನ್ನದೇ ರೀತಿಯಲ್ಲಿ ತೀರ್ಮಾನಿಸುತ್ತದೆ. ಆಸ್ಕರ್‌ನ ನಾಯಕಿ ವಿಭಾಗದಲ್ಲಿ ಅದೇ ಚಿತ್ರದ ಜೂಡಿ ಡೇವಿಸ್ ನಾಮನಿರ್ದೇಶನ ಪಡೆದಿದ್ದರು.

ಇಸವಿಯೂ ತಪ್ಪಬಾರದು. ಆಸ್ಕರ್ 1984ರ ಚಿತ್ರಗಳಿಗೆ, ಸಮಾರಂಭ 1985ರ ಮಾರ್ಚ್ 25ರಂದು. ಆಶ್‌ಕ್ರಾಫ್ಟ್ ಹೋಗಿರಲಿಲ್ಲ, ಪ್ರತಿಮೆ ಸ್ವೀಕರಿಸಿದವರು ಏಂಜೆಲಾ ಲ್ಯಾನ್ಸ್‌ಬರಿ. ಚಿತ್ರ ಬ್ರಿಟನ್ನಿನಲ್ಲಿ ತೆರೆಕಂಡದ್ದು 1985ರಲ್ಲಿ, ಆದ್ದರಿಂದ ಬಾಫ್ಟಾ ಲೆಕ್ಕದಲ್ಲಿ ಅದು ಮುಂದಿನ ವರ್ಷದ ಚಿತ್ರ. ಇನ್ನು ಬಾರ್ಬಿಗೆ ಬಂದದ್ದು ಬಾಫ್ಟಾದ ಟಿವಿ ಪ್ರಶಸ್ತಿ. ಎರಡೂ ‘ಬಾಫ್ಟಾ, ಅತ್ಯುತ್ತಮ ನಟಿ’ ಎಂದೇ ಇರುವುದರಿಂದ ಬೆಸೆದುಹೋಗುತ್ತವೆ. ಕಾಲಂ ಬೇರೆ ಮಾಡಿಟ್ಟಿದ್ದರೆ ಈ ತಪ್ಪು ಆಗುವುದಿಲ್ಲ.

ಆಸ್ಕರ್ ಆದಮೇಲೆ

1986ರ ಅನಿಮೇಷನ್ ಚಿತ್ರ ‘ವೆನ್ ದಿ ವಿಂಡ್ ಬ್ಲೋಸ್’ನಲ್ಲಿ ಅವರದು ದನಿ ಮಾತ್ರ, ಅಣುಬಾಂಬು ಬಿದ್ದಮೇಲೂ ಮನೆ ಒರೆಸಿ ಒಪ್ಪವಾಗಿಡುವ ಹಿಲ್ಡಾ, ಗಂಡನ ದನಿ ಜಾನ್ ಮಿಲ್ಸ್. 1988ರಲ್ಲಿ ಶ್ಲೆಸಿಂಜರ್‌ರ ‘ಮದಾಮ್ ಸೂಸಾಟ್ಸ್ಕಾ’. ಶಬಾನಾ ಅಜ್ಮಿ ಕೂಡ ಇರುವ ಚಿತ್ರ. 1989ರಲ್ಲಿ ‘ಶೀಸ್ ಬೀನ್ ಅವೇ’: ಬರೆದವರು ಪೊಲಿಯಕಾಫ್, ನಿರ್ದೇಶನ ಪೀಟರ್ ಹಾಲ್, ತಯಾರಿಸಿದ್ದು ಬಿಬಿಸಿ. ಹರೆಯದಲ್ಲೇ ಮಾನಸಿಕ ಆಸ್ಪತ್ರೆಗೆ ಸೇರಿಸಲ್ಪಟ್ಟು ಜೀವಮಾನವೆಲ್ಲ ಅಲ್ಲೇ ಕಳೆದ ಲಿಲಿಯನ್ ಮನೆಗೆ ಮರಳುತ್ತಾಳೆ. ಬಹಳ ಹೊತ್ತು ಮಾತೇ ಆಡುವುದಿಲ್ಲ. ವೆನಿಸ್ ಚಿತ್ರೋತ್ಸವದ ಅತ್ಯುತ್ತಮ ನಟಿ ಪ್ರಶಸ್ತಿಯನ್ನು ಇದಕ್ಕಾಗಿ ಜೆರಾಲ್ಡೀನ್ ಜೇಮ್ಸ್ ಜೊತೆ ಹಂಚಿಕೊಂಡರು. ಆ ಜೆರಾಲ್ಡೀನ್ ‘ಜ್ಯುವೆಲ್’ನ ಸಾರಾ ಲೇಟನ್. 1991ರ ಜೂನ್ 14ರಂದು ಆಶ್‌ಕ್ರಾಫ್ಟ್ ಲಂಡನ್ನಿನಲ್ಲಿ ತೀರಿಕೊಂಡರು.

ಎಲ್ಲವನ್ನೂ ನೋಡಲು ಸಮಯವಿಲ್ಲದವರು ‘39 ಸ್ಟೆಪ್ಸ್’, ‘ಕಾಟ್ ಆನ್ ಎ ಟ್ರೇನ್’, ‘ಪ್ಯಾಸೇಜ್’, ‘ಶೀಸ್ ಬೀನ್ ಅವೇ’ ಈ ಕ್ರಮದಲ್ಲಿ ನೋಡಿ. ‘ಪ್ಯಾಸೇಜ್’ ಒಂದೇ ಸುಮಾರು ಎರಡೂಮುಕ್ಕಾಲು ಗಂಟೆ ಹಿಡಿಯುತ್ತದೆ. ‘ಜ್ಯುವೆಲ್’ ಕೈಗೆತ್ತಿಕೊಂಡರೆ ಮೊದಲ ಕಂತಿನಲ್ಲೇ ಬಾರ್ಬಿಯನ್ನು ಹುಡುಕಬೇಡಿ. ಕಥೆ ಪಾಂಕೋಟ್ ಎಂಬ ಗಿರಿಧಾಮಕ್ಕೆ ಹೊರಳಿದ ಮೇಲೆ ಅವಳ ಪ್ರವೇಶ.