ಡಬ್ಬಿ ಬದಲಿಸುವ ಮೊದಲು ಗೋಡೆ ನೋಡಿ

"ಒಳಗಿನ ಕೋಣೆಗೆ ವೈಫೈ ಬರ್ತಾ ಇಲ್ಲ, ಇನ್ನೂ ಪವರ್ ಇರೋ ರೂಟರ್ ಹಾಕಬೇಕಾ?" ಶಿರಸಿ ಸುತ್ತಮುತ್ತ ಮತ್ತು ಘಟ್ಟದ ಕೆಳಗೆ ಕುಮಟಾ, ಕಾರವಾರದ ತನಕ ಮನೆಗಳ ನೆಟ್‌ವರ್ಕ್ ಕೆಲಸ ಮಾಡುವ ನನಗೆ ಅತಿ ಹೆಚ್ಚು ಬರುವ ಪ್ರಶ್ನೆ ಇದು. ಎಷ್ಟೋ ಮನೆಗಳಲ್ಲಿ ಆಗಲೇ ಹೊಸ ರೂಟರ್ ತಂದಾಗಿರುತ್ತದೆ. ದುಡ್ಡು ಹೋಗಿರುತ್ತದೆ, ತೊಂದರೆ ಹಾಗೇ ಇರುತ್ತದೆ. ಹೀಗಾಗಬಾರದು ಅಂತಲೇ ಇದನ್ನು ಬರೆಯುತ್ತಿದ್ದೇನೆ.

ಮೊದಲು ರೂಟರಿನ ಪಕ್ಕದಲ್ಲೇ ನಿಂತು ನೆಟ್ ಪರೀಕ್ಷಿಸಿ. ಲ್ಯಾಪ್‌ಟಾಪ್ ಇದ್ದರೆ ಲ್ಯಾನ್ ಕೇಬಲ್ ಚುಚ್ಚಿ ನೋಡುವುದು ಇನ್ನೂ ಒಳ್ಳೆಯದು. ಅಲ್ಲೂ ನಿಧಾನ ಇದ್ದರೆ ಅದು ವೈಫೈ ತೊಂದರೆಯೇ ಅಲ್ಲ, ಹೊರಗಿನ ಲೈನಿನದ್ದು. ಮಳೆಗಾಲದಲ್ಲಿ ಟೊಂಗೆ ಬಿದ್ದು ಫೈಬರ್ ಎಳೆದುಕೊಂಡಿರುತ್ತದೆ, ಇಲ್ಲವೇ ಎಲ್ಲೋ ಚೂಪಾಗಿ ಮಡಚಿರುತ್ತದೆ. ಫೈಬರ್ ಬಂದು ಸೇರುವ ಡಬ್ಬಿಯ ಮೇಲೆ ಎಲ್‌ಒಎಸ್ ಎಂಬ ಕೆಂಪು ದೀಪ ಹತ್ತಿದ್ದರೆ ಬೆಳಕು ಬರುತ್ತಿಲ್ಲ ಎಂದೇ ಅರ್ಥ. ಫೈಬರ್ ಡಬ್ಬಿಯ ಸೆಟ್ಟಿಂಗ್ ಪುಟದಲ್ಲಿ ಒಳಬರುವ ಬೆಳಕಿನ ಅಳತೆ ಸಿಕ್ಕರೆ ನೋಡಿ. ಅದು ಡಿಬಿಎಂ ಎಂಬ ಲೆಕ್ಕದಲ್ಲಿ ಇರುತ್ತದೆ, ಮೈನಸ್ ಅಂಕಿ ದೊಡ್ಡದಾದಷ್ಟು ಬೆಳಕು ಕಡಿಮೆ. ಮೈನಸ್ 15ರಿಂದ ಮೈನಸ್ 25ರ ಒಳಗಿದ್ದರೆ ಚಿಂತೆ ಇಲ್ಲ. ಮೈನಸ್ 27 ದಾಟಿದರೆ ಲೈನಿನವರನ್ನೇ ಕರೆಯಬೇಕು.

ರೂಟರ್ ಪಕ್ಕ ಸರಿಯಾಗಿ ಬಂದು ಒಳಗೆ ಬಾರದಿದ್ದರೆ ಮಾತ್ರ ಮುಂದಿನ ಮಾತು.

ಫೋನಿನಲ್ಲಿ ಕಾಣುವ ಕಡ್ಡಿಗಳನ್ನು ನಂಬಬೇಡಿ. ಆಂಡ್ರಾಯ್ಡ್ ಫೋನಿಗೆ ಸಿಗ್ನಲ್ ಅಳೆಯುವ ಉಚಿತ ಆ್ಯಪ್‌ಗಳಿವೆ. ಒಂದನ್ನು ಹಾಕಿಕೊಂಡು ಮನೆಯೆಲ್ಲ ನಿಧಾನ ಸುತ್ತಿ. ಇಲ್ಲೂ ಅಂಕಿ ಡಿಬಿಎಂ ಲೆಕ್ಕದಲ್ಲಿ, ಮೈನಸ್‌ನಲ್ಲಿ ಬರುತ್ತದೆ; ಮೈನಸ್ ಅಂಕಿ ದೊಡ್ಡದಾದಷ್ಟು ಸಿಗ್ನಲ್ ಕಡಿಮೆ. ಮೈನಸ್ 50 ಅಂದರೆ ತುಂಬ ಚೆನ್ನಾಗಿದೆ. ಮೈನಸ್ 67ರ ತನಕ ವಿಡಿಯೋ ಕಾಲ್ ನಡೆಯುತ್ತದೆ. ಮೈನಸ್ 75 ದಾಟಿದರೆ ಮಾತು ತುಂಡಾಗುತ್ತದೆ, 80ರ ಹತ್ತಿರ ಹೆಸರಿಗೆ ಮಾತ್ರ ಸಿಗ್ನಲ್. ಪ್ರತಿ 3 ಅಂಕಿ ಇಳಿದಾಗ ಶಕ್ತಿ ಅರ್ಧ ಆಗುತ್ತದೆ. ಹಾಗಾಗಿ ಮೈನಸ್ 50ರಿಂದ ಮೈನಸ್ 80ಕ್ಕೆ ಇಳಿದರೆ ಉಳಿಯುವುದು ಸಾವಿರದಲ್ಲಿ ಒಂದು ಪಾಲು. ಈ ಅಂಕಿ ಯಾವ ಬಾಗಿಲು ದಾಟಿದ ಕೂಡಲೇ ಧಡಕ್ಕನೆ ಇಳಿಯುತ್ತದೆ ಎಂದು ಗಮನಿಸಿ. ನಿಮ್ಮ ತೊಂದರೆ ಇರುವುದು ಅಲ್ಲೇ.

ನಮ್ಮ ಕಡೆ ಆ ಜಾಗದಲ್ಲಿ ಸಾಮಾನ್ಯವಾಗಿ ಚಿರೆಕಲ್ಲಿನ ಗೋಡೆ ಇರುತ್ತದೆ. ಕಲ್ಲಿನಲ್ಲಿ ಕಬ್ಬಿಣದ ಅಂಶ ಇದೆ, ಅದಕ್ಕೇ ಸಿಗ್ನಲ್ ತಡೆಯುತ್ತದೆ ಎಂದು ಹೇಳುವವರಿದ್ದಾರೆ. ಆದರೆ ಅದು ತಗಡಿನ ಹಾಗೆ ಲೋಹವಾಗಿ ಇರುವುದಿಲ್ಲ. ನಿಜವಾಗಿ ತಡೆಯುವುದು ಗೋಡೆಯ ದಪ್ಪ ಮತ್ತು ತೇವ. ಚಿರೆಕಲ್ಲಿಗೆ ಸಣ್ಣ ಸಣ್ಣ ತೂತು ಜಾಸ್ತಿ, ನೀರು ಕುಡಿಯುತ್ತದೆ. ನೀರು ವೈಫೈ ಅಲೆಗಳನ್ನು ಹೀರುತ್ತದೆ. ಬೇಸಿಗೆಯಲ್ಲಿ ಹೇಗೋ ನಡೆಯುತ್ತಿದ್ದ ಕೋಣೆಯಲ್ಲಿ ಆಷಾಢದ ಮಳೆಗೆ ನೆಟ್ ಸಾಯುವುದಕ್ಕೆ ಇದೂ ಒಂದು ಕಾರಣ. ಹಳೇ ಮನೆಗಳ ದಪ್ಪ ಮಣ್ಣಿನ ಗೋಡೆಗೂ ಇದೇ ಮಾತು. ಲೋಹದ್ದು ಬೇರೆಯೇ ಕಥೆ. ಕಬ್ಬಿಣದ ಕಪಾಟು, ಫ್ರಿಜ್, ದೊಡ್ಡ ಕನ್ನಡಿ, ಮಳೆಗೆಂದು ತಾರಸಿಯ ಮೇಲೆ ಹಾಕಿಸಿದ ತಗಡು, ಇವೆಲ್ಲ ಅಲೆಯನ್ನು ಹಿಂದಕ್ಕೆ ತಳ್ಳುತ್ತವೆ.

ಹಾಗಾದರೆ ಹೆಚ್ಚು ಪವರಿನ ರೂಟರ್ ಯಾಕೆ ಆಗುವುದಿಲ್ಲ? ವೈಫೈ ಎರಡೂ ಕಡೆಯ ಮಾತು. ತೋಟದ ಈಚೆಯಿಂದ ನೀವು ಮೈಕ್ ಹಿಡಿದು ಕೂಗಿದರೆ ಆಚೆ ಬದಿಯವರಿಗೆ ಕೇಳುತ್ತದೆ, ಆದರೆ ಅವರು ಬರೀ ಗಂಟಲಲ್ಲಿ ಕೊಟ್ಟ ಉತ್ತರ ನಿಮಗೆ ಕೇಳಬೇಕಲ್ವಾ? ಫೋನಿನ ರೇಡಿಯೋ ಚಿಕ್ಕದು, ಬ್ಯಾಟರಿ ಉಳಿಸಬೇಕು. ರೂಟರಿನ ದನಿ ಏರಿಸಿದರೆ ಫೋನಿನಲ್ಲಿ ಕಡ್ಡಿ ತುಂಬ ಕಾಣುತ್ತದೆ, ಪುಟ ಮಾತ್ರ ತೆರೆಯುವುದಿಲ್ಲ.

ಆದ್ದರಿಂದ ಮೊದಲು ಡಬ್ಬಿಯ ಜಾಗ ಬದಲಿಸಿ. ಫೈಬರ್ ಹಾಕಲು ಬಂದವರು ಒಳಗೆ ಎಳೆಯುವುದು ಕಷ್ಟ ಎಂದು ಜಗಲಿಯ ಮೂಲೆಯಲ್ಲೇ ಮೊಳೆ ಹೊಡೆದು ಹೋಗಿರುತ್ತಾರೆ. ಅರ್ಧ ಸಿಗ್ನಲ್ ಅಂಗಳಕ್ಕೇ ಹೋಗುತ್ತದೆ. ಮನೆಯ ನಡುವಿಗೆ, ಆಳೆತ್ತರದಲ್ಲಿ, ಬಾಗಿಲುಗಳು ಎದುರು ಬರುವ ಹಾಗೆ ಇಡಿ. ಟಿವಿ ಹಿಂದೆ ಬೇಡ, ಕಪಾಟಿನ ಒಳಗಂತೂ ಬೇಡವೇ ಬೇಡ. ಕಡ್ಡಿಯಂಥ ಆಂಟೆನಾ ನೇರ ನಿಂತಿದ್ದರೆ ಅಲೆ ಸುತ್ತಲೂ ಅಡ್ಡಕ್ಕೆ ಹರಡುತ್ತದೆ, ಮೇಲಕ್ಕೆ ಕಡಿಮೆ. ಮಹಡಿಯಲ್ಲೂ ಬೇಕಿದ್ದರೆ ಒಂದನ್ನು ಮಲಗಿಸಿ ನೋಡಿ.

ಸಿಗ್ನಲ್ ಹಿಡಿದು ಮುಂದಕ್ಕೆ ದಾಟಿಸುವ ರಿಪೀಟರ್ ಬಗ್ಗೆ ನನಗೆ ಅಷ್ಟು ಒಲವಿಲ್ಲ. ಸಿಗ್ನಲ್ ಇಲ್ಲದ ಕೋಣೆಯಲ್ಲೇ ಅದನ್ನು ಇಟ್ಟರೆ ಅದಕ್ಕೂ ಸಿಗ್ನಲ್ ಇರುವುದಿಲ್ಲ. ಒಂದೇ ರೇಡಿಯೋದಲ್ಲಿ ಕೇಳಿ, ಅದರಲ್ಲೇ ತಿರುಗಿ ಹೇಳುವ ಅಗ್ಗದ ರಿಪೀಟರಿನಲ್ಲಿ ವೇಗ ಅರ್ಧಕ್ಕೆ ಇಳಿಯುತ್ತದೆ. ಕೂಡಿ ಒಂದೇ ನೆಟ್‌ವರ್ಕ್ ಆಗಿ ಕೆಲಸ ಮಾಡುವ ಮೆಶ್ ಡಬ್ಬಿಗಳು ಇದಕ್ಕಿಂತ ಮೇಲು. ಆದರೆ ವೈರ್ ಇಲ್ಲದೆ ಜೋಡಿಸಿದರೆ ಅವೂ ಅದೇ ಒದ್ದೆ ಗೋಡೆ ದಾಟಬೇಕು.

ಗೋಡೆಯನ್ನು ಗೆಲ್ಲುವುದು ವೈರ್ ಮಾತ್ರ. ಸಿಗ್ನಲ್ ಸಾಯುವ ಗೋಡೆಯ ಆಚೆಗೆ ಒಂದು ಲ್ಯಾನ್ ಕೇಬಲ್ ಎಳೆಸಿ, ಅಲ್ಲಿ ಎರಡನೇ ಆ್ಯಕ್ಸೆಸ್ ಪಾಯಿಂಟ್, ಅಂದರೆ ವೈಫೈ ಕೊಡುವ ಇನ್ನೊಂದು ಡಬ್ಬಿ, ಹಾಕಿ. ಮೂಲೆಯಲ್ಲಿ ಬಿದ್ದಿರುವ ಹಳೇ ರೂಟರ್ ಸಾಕು. ಅದರಲ್ಲಿ ಆ್ಯಕ್ಸೆಸ್ ಪಾಯಿಂಟ್ ಮೋಡ್ ಇದ್ದರೆ ಆರಿಸಿ. ಇಲ್ಲದಿದ್ದರೆ ಮೊದಲ ರೂಟರಿನದ್ದಲ್ಲದ ಒಂದು ಐಪಿ ವಿಳಾಸ ಕೊಟ್ಟು, ಡಿಎಚ್‌ಸಿಪಿ (ಫೋನುಗಳಿಗೆ ವಿಳಾಸ ಹಂಚುವ ಕೆಲಸ) ಆಫ್ ಮಾಡಿ, ವ್ಯಾನ್ (ಹೊರಗಿನ ಲೈನಿನ) ತೂತು ಬಿಟ್ಟು ಲ್ಯಾನ್ ತೂತಿಗೆ ಕೇಬಲ್ ಚುಚ್ಚಿ. ಹೆಸರು, ಪಾಸ್‌ವರ್ಡ್ ಎರಡಕ್ಕೂ ಒಂದೇ ಇರಲಿ, ಚಾನೆಲ್, ಅಂದರೆ ವೈಫೈ ಮಾತಾಡುವ ಓಣಿ, ಬೇರೆ ಇರಲಿ. ಲ್ಯಾನ್ ಕೇಬಲ್ 100 ಮೀಟರ್ ತನಕ ನಡೆಯುತ್ತದೆ, ಮನೆಗೆ ಧಾರಾಳ. ಕ್ಯಾಟ್ 6 ಎಂಬ ಲ್ಯಾನ್ ಕೇಬಲ್ ತೆಗೆದುಕೊಳ್ಳುವಾಗ ಪೂರ್ತಿ ತಾಮ್ರದ್ದೇ ಎಂದು ಕೇಳಿ ಖಚಿತ ಮಾಡಿಕೊಳ್ಳಿ. ಅಲ್ಯೂಮಿನಿಯಂ ಎಳೆಗೆ ತಾಮ್ರ ಲೇಪಿಸಿದ್ದು ಅಗ್ಗಕ್ಕೆ ಸಿಗುತ್ತದೆ. ಕರಾವಳಿಯ ಉಪ್ಪುಗಾಳಿಗೆ ಅದರ ತುದಿ ಬೇಗ ಹಾಳಾಗುತ್ತದೆ.

ಕಾರವಾರ ಪೇಟೆಯ ಅಪಾರ್ಟ್‌ಮೆಂಟುಗಳಲ್ಲಿ ತೊಂದರೆ ಬೇರೆ. ಅಲ್ಲಿ ಸಿಗ್ನಲ್ ಇರುತ್ತದೆ, ನೆರೆಮನೆಗಳ ಗದ್ದಲವೂ ಇರುತ್ತದೆ. ವೈಫೈಗೆ 2.4 ಮತ್ತು 5 ಗಿಗಾಹರ್ಟ್ಸ್ ಎಂದು ಎರಡು ಅಲೆಪಟ್ಟಿ. 2.4 ಗಿಗಾಹರ್ಟ್ಸ್‌ನಲ್ಲಿ ಒಂದರ ಮೇಲೊಂದು ಬೀಳದ ಚಾನೆಲ್ ಮೂರೇ: 1, 6, 11. ಅದೇ ಆ್ಯಪ್‌ನಲ್ಲಿ ಯಾವುದು ಖಾಲಿ ಎಂದು ನೋಡಿ ಆರಿಸಿ, ಚಾನೆಲ್ಲಿನ ಅಗಲ 20 ಮೆಗಾಹರ್ಟ್ಸ್‌ಗೆ ಇಡಿ. ಹತ್ತಿರದ ಕೋಣೆಗಳಿಗೆ 5 ಗಿಗಾಹರ್ಟ್ಸ್ ಬಳಸಿ. ಅದು ಗೋಡೆ ದಾಟುವುದರಲ್ಲಿ ಹಿಂದೆ, ವೇಗದಲ್ಲಿ ಮುಂದೆ. ಹಾಗೆ ಗೋಡೆ ದಾಟದಿರುವುದೇ ಅಪಾರ್ಟ್‌ಮೆಂಟಿನಲ್ಲಿ ಅನುಕೂಲ, ಪಕ್ಕದ ಮನೆಯದ್ದು ನಿಮ್ಮ ತನಕ ಅಷ್ಟಾಗಿ ಬರುವುದಿಲ್ಲ. 5 ಗಿಗಾಹರ್ಟ್ಸ್‌ನ ವೈಫೈ ಹೆಸರು ಫೋನಿನಲ್ಲಿ ಆಗಾಗ ಒಂದೆರಡು ನಿಮಿಷ ಮಾಯವಾಗುತ್ತಿದ್ದರೆ ಚಾನೆಲ್ ಆಟೋದಿಂದ ತೆಗೆದು 36ರಿಂದ 48ರ ಒಳಗೆ ಇಡಿ. 52ರಿಂದ 144ರ ತನಕದ ಚಾನೆಲ್‌ಗಳಲ್ಲಿ ರಡಾರ್‌ನಂಥ ಸದ್ದು ಕೇಳಿದರೆ ರೂಟರ್ ಜಾಗ ಬಿಟ್ಟುಕೊಡಬೇಕು ಎಂಬ ನಿಯಮ ಇದೆ.

ಕೊಟ್ಟಿಗೆಗೋ ತೋಟದಂಚಿನ ಹೋಂಸ್ಟೇ ಕೋಣೆಗೋ ನೆಟ್ ಒಯ್ಯುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಎರಡು ಕಟ್ಟಡಗಳ ನಡುವೆ ತಾಮ್ರದ ಲ್ಯಾನ್ ಕೇಬಲ್ ಎಳೆಯಬೇಡಿ. ಹತ್ತಿರದಲ್ಲಿ ಸಿಡಿಲು ಬಡಿದರೆ ಆ ಕೇಬಲ್ ಹಿಡಿದೇ ಎರಡೂ ಕಡೆಯ ಸಾಮಾನು ಸುಡುತ್ತದೆ, ಅದನ್ನು ಮುಟ್ಟಿದವರ ಜೀವಕ್ಕೂ ಅಪಾಯ. ಅಲ್ಲಿ ಲೋಹದ ತಂತಿ ಇಲ್ಲದ ಫೈಬರ್ ಹಾಕಿಸಿ, ಎರಡೂ ತುದಿಗೆ ಮೀಡಿಯಾ ಕನ್ವರ್ಟರ್ (ಫೈಬರಿನ ಬೆಳಕನ್ನು ಲ್ಯಾನ್ ಕೇಬಲಿಗೆ ಹೊಂದಿಸುವ ಡಬ್ಬಿ) ಇಡಿ. ಗಾಜಿನ ಎಳೆಯಲ್ಲಿ ಕರೆಂಟ್ ಹರಿಯುವುದಿಲ್ಲ. ಆಗಲೇ ತಾಮ್ರ ಎಳೆದಾಗಿದ್ದರೆ, ಮೇ ತಿಂಗಳ ಗುಡುಗಿಗೂ ಅಕ್ಟೋಬರಿನ ಗುಡುಗಿಗೂ ಮೋಡ ಕಟ್ಟುತ್ತಿರುವಾಗಲೇ ಕರೆಂಟ್ ಪ್ಲಗ್ ಜೊತೆ ಲ್ಯಾನ್ ಕೇಬಲನ್ನೂ ಕಿತ್ತಿಡಿ. ಗುಡುಗು ಶುರುವಾದ ಮೇಲೆ ಅದರ ಹತ್ತಿರ ಹೋಗಬೇಡಿ.